ಸಭೆಯ ಮಾತಿಗೆ ಚಿತ್ರದ ಆಸರೆ



ಎರಡು ಗಂಟೆ ಸಭೆ ನಡೆಸಿ, ಕಾಫಿ ಕುಡಿದು ಮನೆ ಸೇರಿದ ಮೇಲೆ ‘ಇವತ್ತು ಏನು ತೀರ್ಮಾನವಾಯಿತು?’ ಎಂದು ಮನೆಯವರು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಸರಿಯಾಗಿ ಹೇಳಬಲ್ಲೆವು? ನಡವಳಿ ಪುಸ್ತಕದಲ್ಲಿ ಎಲ್ಲವೂ ಇರುತ್ತದೆ, ನಿಜ. ಆದರೆ ಮುಂದಿನ ಸಭೆಯಲ್ಲಿ ಅದನ್ನು ಓದುವವರೆಗೆ ಯಾರೂ ನೋಡುವುದಿಲ್ಲ. ಓದಿದಾಗ ಜಗಳ ಹುಟ್ಟುತ್ತದೆ.

ಇದಕ್ಕೊಂದು ಸುಲಭ ಉಪಾಯವುಂಟು. ಸಭೆ ನಡೆಯುತ್ತಿರುವಾಗಲೇ ಒಬ್ಬರು ಗೋಡೆಗೆ ಅಂಟಿಸಿದ ದೊಡ್ಡ ಕಾಗದದಲ್ಲಿ, ಎಲ್ಲರಿಗೂ ಕಾಣುವಂತೆ, ಆಡಿದ ಮಾತನ್ನು ಚಿತ್ರವಾಗಿಯೂ ಚಿಕ್ಕ ಪದಗಳಾಗಿಯೂ ಬರೆಯುತ್ತಾ ಹೋಗುವುದು. ಅಮೆರಿಕದಲ್ಲಿ 1970ರ ದಶಕದಲ್ಲಿ ಡೇವಿಡ್ ಸಿಬ್ಬೆಟ್ ಮುಂತಾದವರು ಇದನ್ನೇ ಒಂದು ಕಸುಬಾಗಿ ಬೆಳೆಸಿದರು. ನಮ್ಮ ರಾಜ್ಯದಲ್ಲಿಯೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. 1980ರ ದಶಕದ ಕೊನೆಯಿಂದ ಮೈರಾಡ ಸಂಸ್ಥೆಯವರು ಹಳ್ಳಿಯವರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಯಿಸಿ, ಅದರ ಸುತ್ತ ಚರ್ಚೆ ನಡೆಸಿದರು. ಓದು ಬಾರದವರೂ ಅಂಥ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಲ್ಲರು.

ಕಳೆದ ಬೇಸಿಗೆ ಹಳ್ಳದ ನೀರಿನ ಹಂಚಿಕೆಗಾಗಿ ಕರೆದ ಸಭೆಯಲ್ಲಿ ನಾವೂ ಇದನ್ನು ಮಾಡಿ ನೋಡಿದೆವು. ಹೂಮಳೆ ಬಾರದೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವವರು, ಅಡಿಕೆಗೆ ನೀರು ಬಿಡುವವರು, ಎಲ್ಲರೂ ನಂಬಿದ್ದು ಅದೊಂದೇ ಹಳ್ಳವನ್ನು. ಹಿಂದಿನ ಎರಡು ಸಭೆಗಳು ಕೂಗಾಟದಲ್ಲೇ ಮುಗಿದಿದ್ದವು. ಈ ಬಾರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕರೆಸಿದೆವು. ಅವರು ಹಳ್ಳವನ್ನು ಒಂದು ಗೆರೆಯಾಗಿ ಎಳೆದು, ಸದಸ್ಯರು ಹೇಳಿದಂತೆ ಪಂಪುಗಳನ್ನೂ ನೀರೆತ್ತುವ ವಾರವನ್ನೂ ಗುರುತಿಸಿದರು. ಮೇಲ್ಭಾಗದ ಐದು ಪಂಪುಗಳು ಒಂದೇ ವಾರಕ್ಕೆ ಬಂದು ಕುಳಿತದ್ದು ಎಲ್ಲರ ಕಣ್ಣಿಗೂ ಬಿತ್ತು. ಒಬ್ಬರನ್ನೊಬ್ಬರು ದೂರುತ್ತಿದ್ದವರು ಕಾಗದವನ್ನು ನೋಡಿ ಮಾತನಾಡತೊಡಗಿದರು.

ಆಗ ಅದುವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆಯದ ಸದಸ್ಯರೊಬ್ಬರು ಹಿಂದಿನ ಬೆಂಚಿನಿಂದ ಎದ್ದು, ‘ಕಾರ್ಯದರ್ಶಿಗಳೇ, ಹಳ್ಳ ಅಲ್ಲಿಗೇ ಮುಗಿಯುವುದಿಲ್ಲ. ಕೆಳಗೆ ನನ್ನ ಒಂದೂವರೆ ಎಕರೆ ಅಡಿಕೆ ಇದೆ’ ಎಂದರು. ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಅವರ ಹೆಸರು ಸದಸ್ಯರ ಪಟ್ಟಿಯಲ್ಲಿತ್ತು, ನಾವು ಮಾಡಿದ ನೀರಿನ ಪಟ್ಟಿಯಲ್ಲಿರಲಿಲ್ಲ. ತಪ್ಪು ನಮ್ಮದೇ. ಅಂದೇ ಅವರನ್ನೂ ಸೇರಿಸಿ ಸರದಿ ನಿಶ್ಚಯವಾಯಿತು.

ಅನುಸರಿಸಬೇಕಾದ ಕ್ರಮ ಇಷ್ಟೆ:

1. ಕಂದು ಕಾಗದದ ನಾಲ್ಕು ಹಾಳೆ, ಎರಡು ಮೂರು ಬಣ್ಣದ ದಪ್ಪ ಪೆನ್ನು ಸಾಕು. ಅಕ್ಷರ ಹಿಂದಿನ ಸಾಲಿಗೂ ಕಾಣಬೇಕು.

2. ಚಿತ್ರ ಅಂದವಾಗಬೇಕಿಲ್ಲ. ಪಂಪಿಗೆ ಒಂದು ಚೌಕ, ಮನುಷ್ಯನಿಗೆ ಒಂದು ಸೊನ್ನೆ, ಕೆಳಗೊಂದು ಗೆರೆ ಸಾಕು.

3. ಬರೆಯುವವರು ಚರ್ಚೆಗೆ ಇಳಿಯಬಾರದು. ವಿರೋಧದ ಮಾತನ್ನೂ ಬಿಡದೆ ಬರೆಯಬೇಕು.

4. ತೀರ್ಮಾನಗಳನ್ನು ಕೆಂಪಿನಲ್ಲಿ ಬರೆದು, ಯಾರು, ಯಾವ ದಿನದೊಳಗೆ ಮಾಡಬೇಕೆಂದು ಪಕ್ಕದಲ್ಲೇ ಕಾಣಿಸಬೇಕು.

5. ಸಭೆ ಮುಗಿಯುವ ಮೊದಲು ‘ಇದರಲ್ಲಿ ಏನು ಬಿಟ್ಟುಹೋಗಿದೆ?’ ಎಂದು ಕೇಳಲೇಬೇಕು. ಪೆನ್ನು ಹಿಡಿದವರು ಬಿಟ್ಟದ್ದು ಸಭೆಯೇ ಬಿಟ್ಟಂತಾಗುತ್ತದೆ.

ಚಿತ್ರವು ನಡವಳಿ ಪುಸ್ತಕಕ್ಕೆ ಬದಲಲ್ಲವೆಂಬುದನ್ನು ಮರೆಯಬಾರದು. ಠರಾವನ್ನು ಎಂದಿನಂತೆ ಬರೆದು ಸಹಿ ಮಾಡಲೇಬೇಕು. ಹಾಳೆಯ ಫೋಟೋ ತೆಗೆದಿಟ್ಟರೆ ಆ ಬರಹಕ್ಕೆ ಸಾಕ್ಷಿಯಾಗುತ್ತದೆ.

ಬರುವ ಮಹಾಸಭೆಯಲ್ಲಿಯೂ ಗೋಡೆಯ ಮೇಲೆ ಕಾಗದ ಇರುತ್ತದೆ. ತಮ್ಮ ತೋಟ ಅದರಲ್ಲಿ ಕಾಣದಿದ್ದರೆ ಸಂಕೋಚಪಡದೆ ಎದ್ದು ಹೇಳಬೇಕೆಂದು ವಿನಂತಿ.