ಹೊಳಪು ಬಂತು, ಕೋವಿ ಹೋಯಿತು!

ಮೊನ್ನೆ ತೀರ್ಥಹಳ್ಳಿ ಕಡೆಯ ಬೆಳಗಿನ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿಳಿದ ಗೌಡರೊಬ್ಬರ ಕಂಕುಳಲ್ಲಿ ಜಮಖಾನ ಸುತ್ತಿದ ಉದ್ದನೆಯ ಗಂಟೊಂದಿತ್ತು. "ಏನ್ ಗೌಡ್ರೆ, ತಂಬೂರಿನಾ? ಭಜನೆ ಎಲ್ಲಿ?" ಎಂದು ಕಂಡಕ್ಟರ್ ಕಿಚಾಯಿಸಿದ. ಗೌಡರು ನಗಲಿಲ್ಲ. ಗಂಟಿನಲ್ಲಿದ್ದದ್ದು ಕೋವಿ. ಲೈಸೆನ್ಸು ಜೇಬಿನಲ್ಲಿ. ಮೂರು ತಿಂಗಳು ಮನೆಯ ಜಗಲಿಯಲ್ಲಿ ಕೂತು, ಕೈಯಾರೆ ಉಜ್ಜಿ ತಿಕ್ಕಿ ಹೊಸದು ಮಾಡಿದ ಸೆಕೆಂಡ್ ಹ್ಯಾಂಡ್ ಕೋವಿ. ಪೇಟೆಯ ಮೇಸ್ತ್ರಿಗೆ ತೋರಿಸಿ ಭೇಷ್ ಅನ್ನಿಸಿಕೊಂಡು ಹೋಗುವ ಆಸೆ.

ನಾನೂ ಹಿಂದೆ ಹೊರಟೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಇಂಥ ವಿದ್ಯೆಯೆಲ್ಲ ಬೀದಿಯಲ್ಲೇ ಸಿಗಬೇಕು.

ಗೌಡರ ಅಪ್ಪಯ್ಯನ ಕಾಲದಲ್ಲಿ ಶಿಕಾರಿ ಎಂದರೆ ಊರ ಹಬ್ಬ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕಾನೂನಿನ ಲೆಕ್ಕದಲ್ಲಿ ಆ ಆಟ ಮುಗಿಯಿತು. ಈಗ ಗೌಡರಿಗೆ ಕೋವಿ ಬೇಕಾದದ್ದು ತೋಟ, ಗದ್ದೆ ಕಾಯೋಕೆ. ರಾತ್ರಿ ಹಂದಿ ನುಗ್ಗಿದರೆ, ಹಗಲು ಮಂಗನ ಹಿಂಡು ಬಂದರೆ ಆಕಾಶಕ್ಕೆ ಒಂದು ಈಡು, ಅಷ್ಟೆ. ಮನೆಯಲ್ಲಿದ್ದ ಕೇಪಿನ ಕೋವಿ ಅಜ್ಜನ ಕಾಲದ್ದು, ಮಳೆಗಾಲದಲ್ಲಿ ಮಸಿ ಥಂಡಿ ಹಿಡಿದರೆ ಹಂದಿಗೂ ನಗು ಬರುತ್ತಿತ್ತು. ಹೊಸ ತೋಟಾ ಕೋವಿ ಕೊಳ್ಳೋಣ ಅಂದರೆ ಅಡಿಕೆ ಮಾರಿದ ದುಡ್ಡು ಸೊಸೈಟಿ ಸಾಲಕ್ಕೇ ಸರಿಹೋಗಿತ್ತು. ಆಗ ಸಿಕ್ಕಿದ್ದು ಇದು: ಇಂಗ್ಲೆಂಡಿನಲ್ಲಿ ಮಾಡಿದ ಒಂಟಿ ನಳಿಗೆಯ 12 ಬೋರ್. ಕೊಟ್ಟವರು ಗೌಡರ ದೊಡ್ಡಮ್ಮನ ಊರಿನ ವಯಸ್ಸಾದ ಜಮೀನ್ದಾರರು. ಬೆಲೆ 8 ಸಾವಿರ. ಬೈಕಿನ ಎರಡು ಟೈರಿನ ಮೇಲೆ ಚೂರು ಹೆಚ್ಚು!

ಕೊಳ್ಳುವ ಕ್ರಮದಲ್ಲಿ ಗೌಡರು ತಪ್ಪಲಿಲ್ಲ. 1959ರ ಆಯುಧ ಕಾಯಿದೆ ಪ್ರಕಾರ, ಮಾರುವವನು ಠಾಣೆಗೋ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಕಾದರು. ಲೈಸೆನ್ಸಿಗೆ ನಂಬರ್ ಏರಿಸಿಕೊಂಡರು. 2019ರ ತಿದ್ದುಪಡಿ ನಂತರ ಒಬ್ಬರ ಹೆಸರಲ್ಲಿ ಎರಡೇ ಕೋವಿ. ಗೌಡರಿಗೆ ಇದು ಎರಡನೆಯದು.

ಕೋವಿಯ ಸ್ಥಿತಿ ಮಾತ್ರ ಕೇಳಬೇಡಿ. ನಳಿಗೆ ಕೆಂಪು ತುಕ್ಕು. ಹೆಗಲಿಗೆ ಆನಿಸುವ ಮರದಲ್ಲಿ ಗುಳಿ, ಸೀಳು. "ಅದು ಚರ್ಮದ ಚೀಲದಲ್ಲಿತ್ತು ಮಾರಾಯ್ರೆ, ಆರು ಮಳೆಗಾಲ" ಎಂದರು ಗೌಡರು. ಚರ್ಮ ಥಂಡಿ ಹೀರಿ ಹಿಡಿದಿಡುತ್ತೆ, ಕೋವಿಗೆ ಅದರಷ್ಟು ಶತ್ರು ಬೇರೆ ಇಲ್ಲ. ಅದರ ಮೇಲೆ 2023ರ ವಿಧಾನಸಭೆ, 2024ರ ಲೋಕಸಭೆ ಎಂದು ಎರಡು ಸಲ ಠಾಣೆಯಲ್ಲಿ ಠೇವಣಿ ಇಟ್ಟು ಬಂದ ಕೋವಿ. ಚುನಾವಣೆ ಮುಗಿಸಿ ವಾಪಸ್ ತರುವಾಗ ಎಣ್ಣೆ ಒಣಗಿ ತುಕ್ಕು ಹೂವಿನಂತೆ ಅರಳಿರುತ್ತೆ ಅನ್ನೋದು ಮಲೆನಾಡಿನ ರೈತರ ಹಳೇ ಗೋಳು. ಓಟು ಹಾಕಿಸಿಕೊಂಡವರು ಯಾರೂ ಎಣ್ಣೆ ಕೊಡಿಸಿಲ್ಲ!

ಶುರುವಾಯಿತು ರಿಪೇರಿ

ಮರದ ಕೆಲಸದಲ್ಲಿ ಗೌಡರದ್ದು ಒಳ್ಳೇ ಕೈ. ಗುಳಿ ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರು. ಹಬೆಗೆ ಮರದ ನಾರು ಉಬ್ಬಿ ಗುಳಿ ಮೇಲೆದ್ದಿತು. ನಾರು ತುಂಡಾಗದಿದ್ದರೆ ಏಳುತ್ತೆ, ತುಂಡಾಗಿದ್ದರೆ ಏಳೋದಿಲ್ಲ. ಆಮೇಲೆ ಅಗಸೆ ಎಣ್ಣೆ. ಒಂದೇ ಸಲ ಸುರಿಯೋದಲ್ಲ. ನಾಲ್ಕು ಹನಿ, ಅಂಗೈಯಲ್ಲಿ ಬಿಸಿ ಬರುವಷ್ಟು ಉಜ್ಜೋದು, ಒಣಗಲು ಬಿಡೋದು, ಮತ್ತೆ ಉಜ್ಜೋದು. ಹದಿನೈದು ದಿನದಲ್ಲಿ ವಾಲ್ನಟ್ ಮರದ ಗೆರೆ ಹುಲಿಪಟ್ಟೆಯ ಹಾಗೆ ಎದ್ದು ಬಂತು. ನಾನೇ ನೋಡಿದೆ, ಕಣ್ಣು ತೆಗೆಯೋಕೆ ಮನಸ್ಸಾಗಲಿಲ್ಲ.

ನಳಿಗೆಯ ತುಕ್ಕಿಗೆ ಮೊದಲು ಸೀಮೆಎಣ್ಣೆ ಹಚ್ಚಿ ರಾತ್ರಿ ಬಿಟ್ಟರು. ಬೆಳಿಗ್ಗೆ ಹಳೇ ತಾಮ್ರದ ಕಾಸಿನ ಅಂಚಿನಿಂದ ಕೆರೆದರು. ತಾಮ್ರ ಉಕ್ಕಿಗಿಂತ ಮೆತ್ತಗೆ, ತುಕ್ಕು ಬರುತ್ತೆ, ಉಕ್ಕು ಗೀರೋದಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಗೌಡರ ಕೋವಿ ಕಪ್ಪಾಗಿಯೇ ಇರುತ್ತಿತ್ತು, ಕೆಟ್ಟಿದ್ದು ಕಾಣಿಸುತ್ತಲೂ ಇತ್ತು.

ಆದರೆ ಮಗ ಪೇಟೆಯಿಂದ ಪಾಲಿಷ್ ಪೇಪರ್ ತಂದ. ಬೆಳ್ಳಿ ಲೋಟದ ಹಾಗೆ ಹೊಳೆಯಬೇಕು ಅನ್ನೋ ಹಟ. ಉಜ್ಜುತ್ತಾ ಹೋದಾಗ ನಳಿಗೆಯ ಬಾಯಿಂದ ಒಂದು ಗೇಣು ಕೆಳಗೆ ಬೆರಳಿಗೆ ಸಣ್ಣ ಗಂಟು ಸಿಕ್ಕಿತು. ಅಡ್ಡ ಕಾಣುತ್ತಲ್ಲ ಎಂದು ಗೌಡರು ಅರ ಹಿಡಿದು ಅದನ್ನು ಸಮ ಮಾಡಿದರು. ಮೇಲೆ ಮತ್ತೆ ಪಾಲಿಷ್. ಗಂಟು ಮಾಯ! "ಅಪ್ಪಯ್ಯ, ನಾಳೆ ಗದ್ದೆಯಲ್ಲಿ ಒಂದು ಈಡು ಹೊಡೆದು ನೋಡುವ" ಎಂದ ಮಗ. ಗೌಡತಿ ಅಡ್ಡ ಬಂದರಂತೆ: "ಮೊದಲು ಮೇಸ್ತ್ರಿಗೆ ತೋರಿಸಿ. ಆಮೇಲೆ ಬೇಕಾದ್ದು ಮಾಡಿ."

ಮೇಸ್ತ್ರಿ ಕಣ್ಣಿಗೆ ಹಿಡಿದಾಗ

ಲೈಸೆನ್ಸ್ ಇರುವ ಕೋವಿ ರಿಪೇರಿ ಅಂಗಡಿ ಅದು, ಎಂಟಡಿ ಅಗಲ. ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಮಗ ಅದೇ ಅಂಗಡಿಯ ಅರ್ಧದಲ್ಲಿ ಮೊಬೈಲ್ ರಿಪೇರಿ ಇಟ್ಟಿದ್ದಾನೆ, ಜನ ಇರೋದು ಆ ಕಡೆ. ಮೇಸ್ತ್ರಿ ಮರ ಸವರಿ "ಚಂದ ಮಾಡಿದೀರಿ ಗೌಡ್ರೆ" ಎಂದರು. ಗೌಡರ ಮುಖ ಅರಳಿತು. ಆಮೇಲೆ ಮೇಸ್ತ್ರಿ ಕೋವಿ ಮಡಚಿ, ಖಾಲಿ ಇದೆಯೇ ಎಂದು ನೋಡಿ, ನಳಿಗೆ ಕಳಚಿ ಬಾಗಿಲ ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟರು. ತಿರುಗಿಸಿದರು. ಮತ್ತೆ ಕಣ್ಣಿಟ್ಟರು. ಮಾತಿಲ್ಲ.

"ನೀವೇ ನೋಡಿ" ಎಂದು ಗೌಡರ ಕೈಗೆ ಕೊಟ್ಟರು. ನಾನೂ ನೋಡಿದೆ. ನೀರಿನಂಥ ಹೊಳಪಿನ ನಡುವೆ ಬಳೆಯಂಥ ಒಂದು ಕಪ್ಪು ನೆರಳು. ನಳಿಗೆ ಆ ಜಾಗದಲ್ಲಿ ಒಳಗಿನಿಂದ ಉಬ್ಬಿದೆ ಎಂದು ಅರ್ಥವಂತೆ. ಹಿಂದೆ ಯಾರೋ ನಳಿಗೆಯಲ್ಲಿ ಬಟ್ಟೆಯೋ ಮಣ್ಣೋ ಸಿಕ್ಕಿಕೊಂಡಿದ್ದಾಗ ಈಡು ಹೊಡೆದಿದ್ದಾರೆ. ಗೋಡೆಗೆ ತೂಗುಹಾಕಿದ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟೋದು ನಮ್ಮ ಕಡೆ ಮಾಮೂಲು. ಅಷ್ಟು ಸಾಕು.

"ಗಂಟು ಅಂತ ಅರ ಹಾಕಿದ್ರಲ್ಲ, ಅದು ಗಂಟಲ್ಲ, ಇದರದ್ದೇ ಬೆನ್ನು. ಉಬ್ಬಿ ಮೊದಲೇ ತೆಳ್ಳಗಾಗಿತ್ತು. ನೀವು ಹೊರಗಿನಿಂದ ಇನ್ನೂ ಕೆರೆದಿರಿ. ಈಡು ಹೊಡೆದರೆ ಅಲ್ಲೇ ಬಿಚ್ಚಿಕೊಳ್ಳುತ್ತೆ. ಎಡಗೈ ಎಲ್ಲಿರುತ್ತೆ ಗೌಡ್ರೆ ಆಗ?"

ಗೌಡರು ಎಡಗೈ ನೋಡಿಕೊಂಡರು.

ಮೇಸ್ತ್ರಿ ನಿಲ್ಲಿಸಲಿಲ್ಲ. ನಳಿಗೆಯ ಬುಡದಲ್ಲಿ ಅರ್ಧ ಅಳಿಸಿದ ಮುದ್ರೆಗಳನ್ನು ತೋರಿಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾಯಿದೆಯಿಂದ ಶುರುವಾದ ಪರೀಕ್ಷಾ ಕೇಂದ್ರವಿದೆ. ಅಲ್ಲಿ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹೊಡೆದು ನೋಡಿ, ತಡೆದರೆ ಮಾತ್ರ ಮುದ್ರೆ ಒತ್ತುತ್ತಾರೆ. ಯಾವ ಮದ್ದಿಗೆ ಪರೀಕ್ಷೆಯಾಗಿದೆ ಎಂಬುದು ಆ ಮುದ್ರೆಯಲ್ಲಿ ಇರುತ್ತೆ. ಹಳೇ ಕರಿಮಸಿಗೆ ಮಾಡಿದ ನಳಿಗೆಗೆ ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಬಾರದು. ಉದ್ದದ ಲೆಕ್ಕವೂ ಇದೆ: 65 ಮಿಲಿಮೀಟರ್ ತೋಟಾದ ಹಳೇ ಕೋವಿಯೊಳಗೆ 70ರದ್ದು ಸಲೀಸಾಗಿ ಕೂರುತ್ತೆ, ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಗೌಡರ ಕೋವಿಯ ಮುದ್ರೆ ಓದೋ ಸ್ಥಿತಿಯಲ್ಲಿಲ್ಲ. ಪಾಲಿಷ್ ಪೇಪರ್ ತಿಂದಿದೆ!

"ನಂಬರ್ ಉಳಿದದ್ದು ನಿಮ್ಮ ಪುಣ್ಯ" ಎಂದರು ಮೇಸ್ತ್ರಿ. ನಂಬರ್ ಅಳಿಸಿದ ಕೋವಿ ಯಾರ ಕೈಯಲ್ಲಿ ಸಿಗುತ್ತೋ ಅವರೇ ಅಳಿಸಿದ್ದು ಎಂದು ಕಾನೂನು ಹಿಡಿಯುತ್ತೆ. ಅಲ್ಲ ಎಂದು ತೋರಿಸೋ ಹೊಣೆ ಅವರದ್ದೇ. ಲೈಸೆನ್ಸ್ ಇಲ್ಲದೆ ಕೋವಿ ರಿಪೇರಿ ಮಾಡೋದೂ ಅಪರಾಧವೇ. ಒರೆಸಿ ಎಣ್ಣೆ ಹಚ್ಚೋದು ಬೇರೆ, ನಳಿಗೆಗೆ ಅರ ಹಾಕೋದು ಬೇರೆ. ಗೌಡರಿಗೆ ಇದು ಹೊಸ ಸುದ್ದಿ. ನನಗೂ.

"ಹಾಗಾದರೆ ಕೆಟ್ಟ ತುದಿ ಕೊಯ್ದು ಹಾಕಿದರೆ?" ಗೌಡರು ಬಿಡಲಿಲ್ಲ.

"ಅದಂತೂ ಬಾಯಲ್ಲೂ ಬೇಡಿ. ನಳಿಗೆ ಗಿಡ್ಡ ಮಾಡೋಕೆ ಬೇರೆಯೇ ಲೈಸೆನ್ಸ್ ಬೇಕು. ಇಂಥ ಕೋವಿಗೆ 20 ಇಂಚಿಗಿಂತ ಕಡಿಮೆ ಆದರೆ ಲೈಸೆನ್ಸಿನ ದಾರಿಯೇ ಬೇರೆಯಾಗುತ್ತೆ. ಹೊಸ ನಳಿಗೆ ಹಾಕುವ ಅಂದರೆ ಇದಕ್ಕೆ ಎಲ್ಲಿಂದ ತರಲಿ?"

ಕೂಲಿ ಎಷ್ಟು ಎಂದು ಕೇಳಿದರೆ ಮೇಸ್ತ್ರಿ ತಲೆಯಾಡಿಸಿದರು. ನೋಡಿದ್ದಕ್ಕೆ ದುಡ್ಡಿಲ್ಲ. ಈಡು ಹೊಡೆಯಲು ಆಗದ್ದು ಎಂದು ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ಕೋವಿಯನ್ನು ಒಪ್ಪಿಸಿ, ಲೈಸೆನ್ಸಿನಲ್ಲಿ ಬೇರೆಯದಕ್ಕೆ ಜಾಗ ಮಾಡಿಸಿಕೊಳ್ಳಬೇಕು. ಮತ್ತೆ ಅರ್ಜಿ, ಮತ್ತೆ ಓಡಾಟ.

ಸಂಜೆ ಬಸ್ ಸ್ಟಾಂಡಿನಲ್ಲಿ ಸಿಕ್ಕರು. ಜಮಖಾನದ ಗಂಟು ಒಂದು ಕಂಕುಳಲ್ಲಿ, ಇನ್ನೊಂದು ಕೈಯಲ್ಲಿ ಪಟಾಕಿಯ ಪೊಟ್ಟಣ. "ಹಂದಿಗೆ ಸದ್ಯಕ್ಕೆ ಇದೇ" ಎಂದರು. ಬಸ್ಸು ಹೊರಟಾಗ ಕಿಟಕಿಯಿಂದ ಕೂಗಿದರು: "ಮೇಸ್ತ್ರಿ ಅಂಗಡಿ ಭಾನುವಾರ ಇರುತ್ತಾ ಕೇಳಿಡಿ ಮಾರಾಯ್ರೆ, ಭಾವನ ಮನೆಯದ್ದೂ ಒಂದು ತೋರಿಸಬೇಕು. ಅದನ್ನೂ ನಾನೇ ಉಜ್ಜಿಕೊಟ್ಟಿದ್ದು."