ಸಾಕ್ಷಿ ಹೇಳಬಾರದ ಕೆಲಸ

ಬೀದರಿನ ಮಂಗಲಪೇಟೆ ಮೆಥೊಡಿಸ್ಟ್ ಕ್ರೈಸ್ತರ ಹಳೆಯ ನೆಲೆ. ಇಲ್ಲಿಯೂ ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿಯೂ ಮನೆಕೂಟಗಳಲ್ಲಿ ಬೈಬಲ್ ಬಿಚ್ಚಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಮನುಷ್ಯನ ಉದ್ಧಾರ ನಂಬಿಕೆಯಿಂದಲೋ, ಒಳ್ಳೆಯ ಕೆಲಸದಿಂದಲೋ?

ಪ್ರಶ್ನೆಯ ಬೇರು ಗ್ರಂಥದಲ್ಲೇ ಇದೆ. ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಅಬ್ರಹಾಮನನ್ನು ಮುಂದಿಟ್ಟು, ಅವನು ನೀತಿವಂತನೆನಿಸಿದ್ದು ನಂಬಿಕೆಯಿಂದ ಎನ್ನುತ್ತಾನೆ. ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಅದೇ ಅಬ್ರಹಾಮನನ್ನು ತೋರಿಸಿ, ಮಗನನ್ನೇ ಅರ್ಪಿಸಲು ಹೊರಟವನ ಕ್ರಿಯೆ ನೋಡಿ ಎನ್ನುತ್ತಾನೆ. ಮಾರ್ಟಿನ್ ಲೂಥರನಿಗೆ ಯಾಕೋಬ ರುಚಿಸಲಿಲ್ಲ. 1522ರಲ್ಲಿ ಆ ಪತ್ರವನ್ನು ಒಣಹುಲ್ಲೆಂದ. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಮನಸ್ಸು 1738ರ ಮೇ 24ರಂದು ಲಂಡನ್ನಿನಲ್ಲಿ ತಿರುಗಿದ್ದು ರೋಮಾಪುರದ ಪತ್ರಕ್ಕೆ ಇದೇ ಲೂಥರ್ ಬರೆದ ಮುನ್ನುಡಿ ಕೇಳಿ. ಆದರೂ ವೆಸ್ಲಿ ಯಾಕೋಬನನ್ನು ಕೈಬಿಡಲಿಲ್ಲ. ಸೆರೆಮನೆಗಳಿಗೆ ಹೋದ, ಬಡವರಿಗೆ ಔಷಧಿ ಹಂಚಿದ.

ನಾನು ಓದಿಕೊಂಡ ಮಟ್ಟಿಗೆ ಪೌಲ, ಯಾಕೋಬ ಇಬ್ಬರೂ ಹೊಡೆಯುವುದು ಒಂದನ್ನೇ, ಜಂಬವನ್ನು. ಮಾಡಿದೆನೆಂದು ಬೀಗುವವನನ್ನು ಪೌಲ ತಡೆಯುತ್ತಾನೆ. ನಂಬಿದೆನೆಂದು ಬೀಗುವವನನ್ನು ಯಾಕೋಬ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಎರಡನ್ನೂ ಕೂಡಿಸುತ್ತದೆ: ರಕ್ಷಣೆ ದೇವರ ವರ, ಹೆಚ್ಚಳಪಡಲು ಎಡೆಯಿಲ್ಲ, ಆದರೆ ನಾವಿರುವುದು ಸತ್ಕ್ರಿಯೆಗೆ.

ಔರಾದ್ ಕಡೆಯ ಕೂಟವೊಂದರಲ್ಲಿ ಇದನ್ನೇ ಬಿಡಿಸಿ ಹೇಳುತ್ತಿದ್ದೆ. ಅಕ್ಷರ ಬಾರದ ಅಜ್ಜಿಯೊಬ್ಬಳು ನಡುವೆ ಬಾಯಿ ಹಾಕಿದಳು: “ಮಾಸ್ತರ್ರ, ಬಾಜೂ ಮನಿ ಹುಡುಗಿ ಜ್ವರ ಬಂದ್ ಬಿದ್ದಾಳ. ಅಕಿ ಉಂಡಾಳೋ ಇಲ್ಲೋ ಯಾರರ ಕೇಳೀರೇನ್ರಿ?” ಪಾಠ ಅಲ್ಲಿಗೇ ನಿಂತಿತು. ಇಬ್ಬರು ಹೆಂಗಸರು ಜೋಳದ ರೊಟ್ಟಿ, ಬ್ಯಾಳಿ ತಗೊಂಡು ಹೋಗಿ ಬಂದರು. ಅಜ್ಜಿ ಮತ್ತೊಂದು ಮಾತು ಸೇರಿಸಿದಳು: “ಇದನ್ನ ಐತವಾರ ಚರ್ಚಿನ್ಯಾಗ ಸಾಕ್ಷಿ ಹೇಳಬ್ಯಾಡ್ರಿ ಮತ್ತ.”

ಆರಾಧನೆಯ ನಡುವೆ ಎದ್ದು ನಿಂತು ದೇವರ ಉಪಕಾರ ಹೇಳುವುದೇ ನಮ್ಮಲ್ಲಿ ಸಾಕ್ಷಿ. ದೇವರದನ್ನು ಹೇಳಹೋಗಿ ನಮ್ಮದನ್ನೇ ಹೇಳಿಬಿಡುವುದೂ ಉಂಟು. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಫರಿಸಾಯ ತನ್ನ ಉಪವಾಸ, ದಶಮಾಂಶದ ಲೆಕ್ಕ ಒಪ್ಪಿಸಿದ್ದು ಪ್ರಾರ್ಥನೆಯಲ್ಲೇ. ನೀತಿವಂತನೆನಿಸಿ ಮನೆಗೆ ಹೋದವನು ಮಾತ್ರ ತಲೆ ಎತ್ತದೆ ಎದೆ ಬಡಿದುಕೊಂಡ ಸುಂಕದವನು.

ಹೇಳಿಕೊಳ್ಳದೆ ಕೆಲಸ ಮಾಡುವುದು ಶರಣರ ಈ ನಾಡಿಗೆ ಹೊಸ ಪಾಠವೇನಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅದು ಕಾಲದ ಒತ್ತಾಯ, ನಿಜ. ಆದರೆ ಜಿಲ್ಲೆಯಲ್ಲಿ ಇಂದಿಗೂ ಉಳಿದದ್ದು ಫಲಕದಲ್ಲಿ ಕಾಣದ ಆ ಕೆಲಸವೇ.

ಶಾಸ್ತ್ರ ಓದುವವರಿಗೆ ನಾನು ಹೇಳುವುದಿಷ್ಟು: ಅಧ್ಯಾಯ ಮುಗಿದ ಮೇಲೆ ಯಾರ ಮನೆಗೆ ಹೋಗಬೇಕೆಂದು ಕೇಳಿ. ಹೋಗಿ ಬಂದದ್ದನ್ನು ಹೋದ ಮನೆಯವರಷ್ಟೇ ಬಲ್ಲರೆ ಸಾಕು.