ಹೆಸರು ಹೋಲಿದರೆ ತಪ್ಪೇ?

ಅಕೀಕಾಕ್ಕೆ ಎರಡು ದಿನ ಇರುವಾಗ, ಇಶಾ ನಮಾಝ್ ಮುಗಿಸಿ ಯುವಕನೊಬ್ಬ ನನ್ನ ಬಳಿ ಬಂದು ಕುಳಿತ. ಮಗುವಿಗೆ ರಯ್ಯಾನ್ ಎಂದು ಹೆಸರಿಡಬೇಕೆಂದು ಅವನ ಪತ್ನಿಗೆ ಆಸೆ. ಅಣ್ಣನ ಮಗನ ಹೆಸರು ರೈಹಾನ್. ಅತ್ತಿಗೆ ಬೇಡ ಎನ್ನುತ್ತಿದ್ದಾರೆ. ಮನೆಯ ಹಿರಿಯರೊಬ್ಬರು, ಒಂದೇ ಮನೆಯಲ್ಲಿ ಒಂದೇ ತರಹದ ಎರಡು ಹೆಸರು ಆಗಿಬರುವುದಿಲ್ಲ ಎಂದಿದ್ದಾರೆ. “ಉಸ್ತಾದರೇ, ಇದು ತಪ್ಪಾ?” ಎಂದು ಕೇಳಿದ. ಈ ಸಲದ ಜುಮಾ ಖುತ್ಬಾಕ್ಕೆ ವಿಷಯ ಸಿಕ್ಕಿದ್ದು ಹೀಗೆ.

ತಪ್ಪಲ್ಲ. ರಯ್ಯಾನ್ ಎಂಬುದು ಉಪವಾಸಿಗರು ಪ್ರವೇಶಿಸುವ ಸ್ವರ್ಗದ ಬಾಗಿಲು. ರೈಹಾನ್ ಕುರ್‌ಆನಿನಲ್ಲಿ ಬಂದಿರುವ ಪರಿಮಳದ ಗಿಡ. ಎರಡೂ ಒಳ್ಳೆಯ ಹೆಸರುಗಳು. ಹೋಲಿಕೆಯ ಮಾತಾದರೆ ಹಝ್ರತ್ ಅಲಿ(ರ)ಯವರ ಮನೆಯನ್ನು ನೋಡಿ. ತಾಯಿ ಫಾತಿಮಾ ಬಿಂತ್ ಅಸದ್, ಪತ್ನಿ ಪ್ರವಾದಿವರ್ಯರ(ಸ) ಮಗಳು ಫಾತಿಮಾ. ಅತ್ತೆ ಸೊಸೆಗೆ ಒಂದೇ ಹೆಸರು! ಉಡುಗೊರೆಯಾಗಿ ಬಂದ ರೇಷ್ಮೆ ಬಟ್ಟೆಯನ್ನು ಪ್ರವಾದಿ(ಸ) ಅಲಿ(ರ)ಯವರಿಗೆ ಕೊಟ್ಟು, ಫಾತಿಮಾಗಳಿಗೆ ತಲೆವಸ್ತ್ರವಾಗಿ ಹಂಚಲು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಸನ್ ಮತ್ತು ಹುಸೈನ್ ಕೂಡ ಒಂದೇ ಧಾತುವಿನ ಹೆಸರುಗಳು. ಹುಸೈನ್ ಎಂದರೆ ಪುಟ್ಟ ಹಸನ್. ಆಗಿಬರುವುದಿಲ್ಲ ಎಂಬ ಮಾತಿಗೆ ದೀನಿನಲ್ಲಿ ಆಧಾರವಿಲ್ಲ.

ಅಜ್ಜನ ಹೆಸರನ್ನೇ ಮೊಮ್ಮಗನಿಗಿಟ್ಟರೆ ಸೊಸೆ ಗದರುವುದು ಹೇಗೆ ಎಂದು ಕೇಳುವವರೂ ಇದ್ದಾರೆ. ಗದರುವುದು ಸ್ವಲ್ಪ ಕಡಿಮೆಯಾದರೆ ಮಗುವಿಗೂ ಒಳ್ಳೆಯದೇ.

ನನಗೆ ಹೆಚ್ಚು ಚಿಂತೆ ಪ್ರಾಸದ ಹುಚ್ಚಿನದ್ದು. ಮನೆಯಲ್ಲಿ ಸಲೀಂ, ಕಲೀಂ ಇದ್ದಾರೆ, ಮೂರನೆಯವನಿಗೆ ಅಲೀಂ. ಐನ್ ಅಕ್ಷರದಿಂದ ಬರೆದರೆ ಅದು ‘ಬಲ್ಲವನು’. ಅಲಿಫ್‌ನಿಂದ ಬರೆದರೆ ‘ಯಾತನಾಮಯ’, ಕುರ್‌ಆನಿನಲ್ಲಿ ಶಿಕ್ಷೆಯ ಜೊತೆ ಬರುವ ಪದ. ಸಮೀನ್ ಕೂಡ ಹಾಗೆಯೇ: ‘ಸೇ’ ಅಕ್ಷರದಿಂದಾದರೆ ಅಮೂಲ್ಯ, ‘ಸೀನ್’ನಿಂದಾದರೆ ದಪ್ಪಗಿನ. ಕನ್ನಡದಲ್ಲಿ ಬರೆದಾಗ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆದ್ದರಿಂದ ಹೆಸರು ನಿಶ್ಚಯಿಸುವ ಮೊದಲು ಅರಬಿಯಲ್ಲಿ ಬರೆಸಿ ನೋಡಿ.

ಇದನ್ನೆಲ್ಲ ಯುವಕನಿಗೆ ವಿವರಿಸಿ ಏಳುವಾಗ, ಅಣ್ಣನ ಮಗನಿಗೀಗ ಎಷ್ಟು ವರ್ಷ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಮಗು ಎರಡು ವರ್ಷದ ಹಿಂದೆ ಜ್ವರದಿಂದ ತೀರಿಕೊಂಡಿತ್ತು. ಮಸ್‌ಅಲಾ ಹೇಳುವ ಆತುರದಲ್ಲಿ, ಮೊದಲು ಕೇಳಬೇಕಾದುದನ್ನು ನಾನು ಕೊನೆಗೆ ಕೇಳಿದ್ದೆ.

ಸಹೋದರರೇ, ಅನುಮತಿ ಇದೆ ಎಂದ ಮಾತ್ರಕ್ಕೆ ಮಾಡಲೇಬೇಕೆಂದಿಲ್ಲ. ಅದು ಕೂಡು ಕುಟುಂಬ. ಅಂಗಳದಿಂದ ಆ ಹೆಸರು ಕೂಗಿದಾಗಲೆಲ್ಲ ಅಡುಗೆಮನೆಯಲ್ಲಿರುವ ಆ ತಾಯಿಗೆ ಕೇಳಿಸಬೇಕು. ಅಮ್ಮನ ಮೂಲಕ ಹೇಳಿಸಬೇಡ, ನೀನೇ ಹೋಗಿ ಅತ್ತಿಗೆಯನ್ನು ಕೇಳು, ಅವರು ಬೇಡವೆಂದರೆ ಬಿಟ್ಟುಬಿಡು ಎಂದೆ. ಏಳನೇ ದಿನ ಹೆಸರಿಡುವುದು ಸುನ್ನತ್, ಆದರೆ ಒಂದೆರಡು ದಿನ ತಡವಾದರೆ ಗುನಾಹ್ ಇಲ್ಲ. ಸರಕಾರದ ಕಡೆಯಿಂದಲೂ ಅವಸರವಿಲ್ಲ. 21 ದಿನಗಳೊಳಗೆ ಜನನ ನೋಂದಣಿಯಾದರೆ ಸಾಕು, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಮರುದಿನ ಫಜ್ರ್‌ಗೆ ಬಂದಾಗ ಅವನು ಅತ್ತಿಗೆಯ ಉತ್ತರ ತಂದಿದ್ದ. “ರಯ್ಯಾನ್ ಎಂದೇ ಇಡಿ. ಆದರೆ ರಯ್ಯು ಎಂದು ಮಾತ್ರ ಕರೆಯಬೇಡಿ. ಅದು ನನ್ನ ಮಗನನ್ನು ಕರೆಯುತ್ತಿದ್ದ ಹೆಸರು.”